ಮೂವತ್ತೇಳರ ಬಾಲದೊಳಗಿನ ಕನ್ನಡಿ

ಜವರೇಗೌಡ ಕೇಳಿಸಿಕೊಂಡ ಸದ್ದು ನಿಜವಾದದ್ದು. ಅದು ಅವನ ಕಿವಿಯ ದೋಷವಾಗಿರಲಿಲ್ಲ, ಹೆದರಿಕೆಯೂ ಆಗಿರಲಿಲ್ಲ. ನಮ್ಮ ಹೆಲಿಕಾಪ್ಟರಿನ ಬಾಲದೊಳಗೆ ಒಂದು ಕನ್ನಡಿ ಉಳಿದುಹೋಗಿತ್ತು. ಅದನ್ನು ಅಲ್ಲಿ ಬಿಟ್ಟವನು ನಾನು. ಅದು ಅಲ್ಲಿರುವುದನ್ನು ಕಣ್ಣಾರೆ ಕಂಡೂ ಇಲ್ಲವೆಂದವನು ನಾನೇ.

ವಾಯುಪಡೆಯ ಸೇವೆ ಮುಗಿಸಿ ಬಂದ ಮೇಲೆ ಹುಣಸೂರಿನಲ್ಲಿ ಒಂದು ದಿನಪತ್ರಿಕೆಗೆ ತಾಲ್ಲೂಕು ವರದಿಗಾರನಾದೆ. ಮುಖ್ಯ ಸಂಗತಿ ಮೊದಲ ಸಾಲುಗಳಲ್ಲೇ ಬರಬೇಕೆಂದು ಅಲ್ಲಿ ಕಲಿತೆ. ಆದ್ದರಿಂದ ಮೊದಲೇ ಬರೆದಿದ್ದೇನೆ. ಬೇರೆಯವರ ತಪ್ಪುಗಳನ್ನು ಹೆಸರು, ಊರು, ವಯಸ್ಸು ಸಮೇತ ವರದಿ ಮಾಡಿದವನು ನಾನು. ನನ್ನ ತಪ್ಪನ್ನು ಮಾತ್ರ — ಅದನ್ನು ಬರೆಯಲು ಇಷ್ಟು ವರ್ಷ ಹಿಡಿಯಿತು.

ನಾವು ಮೂವರು ಒಂದೇ ಸೀಮೆಯವರು. ನಾನು ಹುಣಸೂರು, ಪುಟ್ಟಸ್ವಾಮಿ ಪಿರಿಯಾಪಟ್ಟಣ, ಜವರೇಗೌಡ ಸಾಲಿಗ್ರಾಮದ ಹತ್ತಿರದ ಹಳ್ಳಿ. ಹೆಲಿಕಾಪ್ಟರ್ ರಿಪೇರಿ ಕಲಿಸುವ ಶಾಲೆಗೆ ಒಂದೇ ತಂಡದಲ್ಲಿ ಸೇರಿದೆವು. ಅಲ್ಲಿ ಮೊದಲ ವಾರ ನಮಗೆ ಯಂತ್ರ ತೋರಿಸಲಿಲ್ಲ, ಒಂದು ಮರದ ಹಲಗೆ ತೋರಿಸಿದರು. ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ, ಪ್ರತಿ ಇಕ್ಕಳದ ಆಕಾರವನ್ನು ಕೆಂಪು ಬಣ್ಣದಲ್ಲಿ ಬರೆದಿತ್ತು. ಅದನ್ನು ನೆರಳು ಎನ್ನುತ್ತಿದ್ದೆವು. ಕೆಲಸ ಮುಗಿದ ಮೇಲೆ ಪ್ರತಿ ಹತಾರವೂ ತನ್ನ ನೆರಳಿನ ಮೇಲೆ ಬಂದು ಕೂರಬೇಕು. ಒಂದು ನೆರಳು ಖಾಲಿ ಇದ್ದರೂ ಅದು ಸಿಗುವವರೆಗೆ ಯಂತ್ರ ನೆಲ ಬಿಡುವಂತಿಲ್ಲ. ಖಾಲಿ ನೆರಳೆಂದರೆ ಆಕಾಶದಲ್ಲಿ ಒಂದು ಹೆಣ ಎಂದು ನಮ್ಮ ಉಸ್ತಾದರು ಹೇಳುತ್ತಿದ್ದರು. ಒಮ್ಮೆ ಪುಟ್ಟಸ್ವಾಮಿ ಒಂದು ವಾಷರ್ ಕಳೆದ. ಇಡೀ ತಂಡ ಸಾಲಾಗಿ ಮಂಡಿಯೂರಿ, ಸುಡುವ ನೆಲದ ಮೇಲೆ ಅಂಗೈ ಸವರುತ್ತ ಮಧ್ಯಾಹ್ನವೆಲ್ಲ ಹುಡುಕಿತು. ಕೊನೆಗೆ ಅದು ಸಿಕ್ಕಿದ್ದು ಅವನದೇ ಪ್ಯಾಂಟಿನ ಮಡಿಕೆಯಲ್ಲಿ. ಆಮೇಲೆ ಅವನ ಹೆಸರೇ ವಾಷರ್ ಆಯಿತು.

ಜವರನ ಕಿವಿಯ ಬಗ್ಗೆ ಹೇಳಬೇಕು. ಮುಂದೆ ಬೆಟ್ಟದ ಮೇಲಿನ ಒಂದು ನೆಲೆಗೆ ಮೂವರನ್ನೂ ಹಾಕಿದರು. ಅಲ್ಲಿ ಯಂತ್ರಗಳಿಗೆ ಹೆಸರಿರಲಿಲ್ಲ, ಸಂಖ್ಯೆಯ ಕೊನೆಯ ಎರಡು ಅಂಕಿಗಳೇ ಹೆಸರು. ಹೆಲಿಕಾಪ್ಟರ್ ಇನ್ನೂ ಕಣಿವೆಯ ಆಚೆ ಇರುವಾಗಲೇ ಜವರ ಟೀ ಲೋಟ ಕೆಳಗಿಟ್ಟು ತಲೆ ವಾರೆ ಮಾಡುತ್ತಿದ್ದ.

“ಮೂವತ್ತೇಳು ಬತ್ತಾವ್ಳೆ ಕಣ್ರಲಾ. ಯಾಕೋ ಇವತ್ತು ವಸಿ ನೆಗಡಿ ಅವ್ಳಿಗೆ.”

ಬಂದಿಳಿದಾಗ ಅದು ಮೂವತ್ತೇಳೇ ಆಗಿರುತ್ತಿತ್ತು. ಬಿಚ್ಚಿ ನೋಡಿದರೆ ಗಾಳಿ ಸೋಸುವ ಜಾಲರಿಯಲ್ಲಿ ದೂಳು ತುಂಬಿರುತ್ತಿತ್ತು. ಅವನ ಕಿವಿಯನ್ನು ಮೆಚ್ಚಿಯೇ ಅವನನ್ನು ಹಾರಾಟಕ್ಕೆ ತೆಗೆದುಕೊಂಡರು. ಪೈಲಟ್‌ಗಳ ಹಿಂದೆ ಕೂತು ಯಂತ್ರವನ್ನು ಗಮನಿಸುವ ಕೆಲಸ. ನಾನೂ ಪುಟ್ಟಸ್ವಾಮಿಯೂ ನೆಲದ ಮೇಲೇ ಉಳಿದೆವು.

ಆ ಕನ್ನಡಿ ನನ್ನ ಹತಾರ. ರೂಪಾಯಿ ಅಗಲದ ದುಂಡು ಗಾಜು, ಗೇಣುದ್ದದ ಕಂಬಿ. ಕೈ ಹೋದರೂ ಕಣ್ಣು ಹೋಗದ ಕಡೆ ನೋಡಲು ಅದು ಬೇಕು. ಒಂದು ಸಂಜೆ ಮೂವತ್ತೇಳರ ಬಾಲದ ಒಳಭಾಗ ನೋಡಿ, ಮುಚ್ಚಳ ಹಾಕಿ, ಹಲಗೆಯ ಮುಂದೆ ಬಂದು ನಿಂತೆ. ಕನ್ನಡಿಯ ನೆರಳು ಖಾಲಿ ಇತ್ತು.

ಮರುದಿನ ನನ್ನ ರಜೆ ಶುರುವಾಗುವುದಿತ್ತು. ಯಂತ್ರ ನಿಂತರೆ ರಜೆಯೂ ನಿಲ್ಲುತ್ತದೆ. ಕಾರಣ ಅಷ್ಟೇ. ಇದಕ್ಕಿಂತ ದೊಡ್ಡ ಕಾರಣವೊಂದು ಇರಬಹುದೇ ಎಂದು ನಾನೇ ಎಷ್ಟೋ ಸಲ ಹುಡುಕಿದ್ದೇನೆ — ಇಲ್ಲ.

ರಿಪೇರಿಗೆಂದು ದೂರ ಹೋಗಿದ್ದ ಇನ್ನೊಂದು ಯಂತ್ರದ ಪೆಟ್ಟಿಗೆಯಿಂದ ಅಂಥದೇ ಕನ್ನಡಿ ತೆಗೆದು ಆ ನೆರಳಿನ ಮೇಲೆ ನೇತುಹಾಕಿದೆ. ಅದು ಸ್ವಲ್ಪ ಚಿಕ್ಕದು. ಸುತ್ತ ಕೂದಲೆಳೆಯಷ್ಟು ಕೆಂಪು ಕಾಣುತ್ತಿತ್ತು. ಎಲ್ಲ ಹತಾರ ಸರಿಯಿವೆ ಎಂದು ಸಹಿ ಹಾಕಿದೆ. ಕಳೆದದ್ದು ಬೇರೆಲ್ಲೋ ಬಿದ್ದಿರಬೇಕು, ಬಾಲದೊಳಗೆ ಇರಲಾರದು ಎಂದುಕೊಂಡೆ. ಅಂದುಕೊಳ್ಳುವುದು ಸುಲಭ.

ಮರುದಿನ ಬೆಳಿಗ್ಗೆ ಮೂವತ್ತೇಳು ಮೇಲಿನ ಠಾಣೆಗೆ ಸಾಮಾನು ಹೊತ್ತು ಹೋಯಿತು. ಅರ್ಧ ದಾರಿಯಲ್ಲಿ ಜವರನಿಗೆ ಹಿಂದಿನಿಂದ, ಎಡಗಡೆಯಿಂದ, ಸದ್ದು ಕೇಳಿಸಿತು — ಟಕ್‌ಟಕ್, ಸ್ವಲ್ಪ ಬಿಟ್ಟು ಮತ್ತೊಂದು ಟಕ್. ಅವನು ಇಳಿಸಲೇಬೇಕೆಂದು ಹಟ ಹಿಡಿದ. ಪೈಲಟ್ ಹೊಳೆಯ ಪಾತ್ರದ ಕಲ್ಲುಗಳ ಮೇಲೆ ಇಳಿಸಿದರು. ಯಂತ್ರದ ಒಂದು ಕಾಲು ಮುರಿಯಿತು. ಜನಕ್ಕೆ ಏನೂ ಆಗಲಿಲ್ಲ.

ಹಿಂದಿನ ದಿನ ಬಾಲ ಮುಚ್ಚಿದವನು ನಾನಾದ್ದರಿಂದ ತೆಗೆದು ನೋಡಲೂ, ರಜೆಗೆ ಹೊರಟು ನಿಂತಿದ್ದ ನನ್ನನ್ನೇ ತಡೆದು ಹೊಳೆಯ ಬಳಿಗೆ ಕಳಿಸಿದರು. ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು, ಆ ಚಿಕ್ಕ ಕನ್ನಡಿಯನ್ನು ಒಳಗೆ ತೂರಿಸಿದೆ. ಎಡಬದಿಯ ಎರಡು ಪಟ್ಟಿಗಳ ನಡುವಿನ ಸಂದಿಯಲ್ಲಿ ಏನೋ ಹೊಳೆಯಿತು. ಕನ್ನಡಿಯನ್ನು ಸ್ವಲ್ಪ ತಿರುಗಿಸಿದೆ. ಆ ಕತ್ತಲೊಳಗಿಂದ ಒಂದು ಕಣ್ಣು ನನ್ನನ್ನು ನೋಡುತ್ತಿತ್ತು.

ನನ್ನದೇ ಕಣ್ಣು. ಕನ್ನಡಿಯೊಳಗೆ ಕಂಡ ಇನ್ನೊಂದು ಕನ್ನಡಿಯಲ್ಲಿ ನನ್ನ ಕಣ್ಣು. ಅದು ನನಗೆ ತಕ್ಷಣವೇ ಗೊತ್ತಾಯಿತು. ಆದರೂ ಅದು ಬೇರೆ ಯಾರದೋ ಕಣ್ಣಿನಂತೆ, ಬಹಳ ಹೊತ್ತಿನಿಂದ ಅಲ್ಲೇ ಕಾದು ಕೂತವರ ಕಣ್ಣಿನಂತೆ — ರೆಪ್ಪೆ ಬಡಿಯದೆ ನೋಡುತ್ತಿತ್ತು. ನಾನೂ ರೆಪ್ಪೆ ಬಡಿದಿರಲಿಲ್ಲವೋ ಏನೋ.

ಹಿಂದೆ ನಿಂತಿದ್ದ ಅಧಿಕಾರಿ ಏನಾದರೂ ಇದೆಯೇ ಎಂದು ಕೇಳಿದರು.

“ಕ್ಲೀನ್ ಇದೆ ಸಾರ್.”

ಆ ಒಂದು ಮಾತು. ವಿಚಾರಣೆಯಲ್ಲೂ ಅದನ್ನೇ ಹೇಳಿದೆ. ಜವರ ಎಡಗಡೆಯಿಂದ ಸದ್ದು ಬಂತು ಎಂದು ಮತ್ತೆ ಮತ್ತೆ ಹೇಳಿದ. ಕಣಿವೆಗೆ ಹೆದರಿ ಸದ್ದು ಹುಟ್ಟಿಸಿದ್ದಾನೆ ಎಂದು ಕೆಲವರು ಆಡಿಕೊಂಡರು. ವೈದ್ಯರು ಅವನ ಕಿವಿ ಪರೀಕ್ಷಿಸಿ, ಇಲ್ಲದ ಸದ್ದು ಕೇಳುವ ತೊಂದರೆ ಇರಬಹುದೆಂದು ಬರೆದರು. ಅವನನ್ನು ಹಾರಾಟದಿಂದ ತೆಗೆದು ಉಗ್ರಾಣಕ್ಕೆ ಹಾಕಿದರು. ಅವಧಿಗೆ ಮೊದಲೇ ಊರಿಗೆ ಬಂದುಬಿಟ್ಟ.

ಕಾಲು ಸರಿಯಾದ ಮೇಲೆ ಮೂವತ್ತೇಳು ಮತ್ತೆ ಹಾರಿತು. ಕನ್ನಡಿಯನ್ನು ಹೊರಗೆ ತೆಗೆಯಬೇಕಾದರೆ ಬಾಲದ ಪಟ್ಟಿಗಳನ್ನು ಬಿಚ್ಚಬೇಕಾದೀತು ಎಂದುಕೊಂಡಿದ್ದೆ. ಯಾಕೆ ಬಿಚ್ಚುತ್ತಿದ್ದೀಯ ಎಂದು ಕೇಳಿದರೆ ಹೇಳಬೇಕಿತ್ತು. ಅದರ ಕಂಬಿ ಜಾರಿ ಬಾಲದ ತಂತಿಗಳಿಗೆ ಸಿಕ್ಕಿಕೊಂಡರೆ ಯಂತ್ರ ಬುಗುರಿಯಂತೆ ತಿರುಗಿ ಬೀಳುತ್ತದೆ ಎಂಬುದು ನನಗೆ ಗೊತ್ತಿತ್ತು. ಆ ಯಂತ್ರ ಬೇರೆ ನೆಲೆಗೆ ವರ್ಗವಾಗುವ ತನಕ ಪ್ರತಿ ಹಾರಾಟದ ಹೊತ್ತಿಗೂ ಹೊರಗೆ ನಿಂತು ಅದು ವಾಪಸು ಬರುವುದನ್ನು ಕಾದೆ. ಕಾಯುವುದನ್ನೇ ಪ್ರಾಯಶ್ಚಿತ್ತವೆಂದು ತಿಳಿದಿದ್ದೆ. ಒಳಗೆ ಕೂತವರಿಗೆ ಅದರಿಂದ ಏನು ಉಪಯೋಗವಾಗುತ್ತಿತ್ತು?

ತೊಂಬತ್ತರ ದಶಕದಲ್ಲಿ ನಾವು ಮತ್ತೆ ಸೇರತೊಡಗಿದೆವು. ಪಿರಿಯಾಪಟ್ಟಣದ ಬಳಿಯ ಕೊಪ್ಪದಲ್ಲಿ ಪುಟ್ಟಸ್ವಾಮಿ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟಿದ್ದ. ತಿಂಗಳಿಗೊಂದು ಭಾನುವಾರ ಅಲ್ಲಿ ಕೂತು ಹಳೆಯ ಯಂತ್ರಗಳ ಮಾತು. ಯಾವುದು ಚಳಿಗೆ ಮೊಂಡು ಹಿಡಿಯುತ್ತಿತ್ತು, ಯಾವುದು ಇಳಿಯುವಾಗ ಮೂತಿ ಎತ್ತುತ್ತಿತ್ತು — ಸೊಸೆಯಂದಿರ ಗುಣ ಎಣಿಸಿದಂತೆ ಎಣಿಸುತ್ತಿದ್ದೆವು. ಮಾತು ಎಲ್ಲಿಂದ ಹೊರಟರೂ ಕೊನೆಗೆ ಜವರನ ಬೆರಳು ಲೋಟದ ಅಂಚಿಗೆ ಹೋಗುತ್ತಿತ್ತು. ಟಕ್‌ಟಕ್... ಟಕ್. ಹಿಂಗೇ ಇತ್ತು ಎನ್ನುತ್ತಿದ್ದ. ವಾಷರ್ ನಗುತ್ತಿದ್ದ. ನಾನೂ ನಗುತ್ತಿದ್ದೆ. “ಲೇ ಜವರ, ನಿನ್ ಕಿವಿಗೆ ಹರಳೆಣ್ಣೆ ಬುಟ್ಕೊ,” ಎಂದು ಮೊದಲು ಹೇಳಿದವನು ವಾಷರ್ ಅಲ್ಲ, ನಾನು.

ನಿಧಾನವಾಗಿ ಅವನು ನಮ್ಮ ಮಾತನ್ನು ನಂಬಿಬಿಟ್ಟ. ಒಂದು ವರ್ಷ ಅವನ ಹೊಗೆಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಅವನ ತಮ್ಮ ರಾಜಣ್ಣ ಮೇಲಿನ ಗಳದ ಮೇಲೆ ನಿಂತು ಸೊಪ್ಪಿನ ಕಡ್ಡಿಗಳನ್ನು ಜೋಡಿಸುತ್ತಿದ್ದ. ಕೆಳಗೆ ನಿಂತಿದ್ದ ಜವರನಿಗೆ ಗಳ ಸೀಳುವ ಸದ್ದು ಕೇಳಿಸಿತಂತೆ. ತನ್ನ ಕಿವಿಯ ಕಾಯಿಲೆ ಎಂದುಕೊಂಡು ಸುಮ್ಮನಿದ್ದ. ಗಳ ಮುರಿದು ರಾಜಣ್ಣ ಬಿದ್ದ. ಅಂದಿನಿಂದ ಕೋಲು ಹಿಡಿದೇ ನಡೆಯುತ್ತಾನೆ. ಇದನ್ನು ನಮಗೆ ಹೇಳಿದವನು ಜವರನೇ, ಬೇರೆ ಯಾರದೋ ಕಥೆ ಹೇಳುವಂತೆ. ಆ ಭಾನುವಾರವೂ ನಾನು ಬಾಯಿ ಬಿಡಲಿಲ್ಲ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ, ಎಚ್.ಡಿ. ಕೋಟೆ ಕಡೆಯ ಒಂದು ಶಾಲೆಯವರು ಗುಜರಿಗೆ ಹಾಕಿದ ಹೆಲಿಕಾಪ್ಟರೊಂದನ್ನು ತರಿಸಿ ಮೈದಾನದಲ್ಲಿ ನಿಲ್ಲಿಸಿದರು. ವರದಿಗೆ ನನ್ನನ್ನು ಕರೆದರು. ಹಳೆಯ ಸಿಬ್ಬಂದಿಯ ಮಾತೂ ಇರಲೆಂದು ನಾನೇ ಇಬ್ಬರನ್ನೂ ಕರೆದುಕೊಂಡು ಹೋದೆ. ಹೊಸದಾಗಿ ಹಳದಿ ಬಣ್ಣ ಬಳಿದಿದ್ದರು. ಬಾಲದ ಮೇಲೆ ಬಣ್ಣದಡಿ ಹಳೆಯ ಅಂಕಿಗಳು ಉಬ್ಬಿ ಕಾಣುತ್ತಿದ್ದವು. ಓದುವ ಮೊದಲೇ ಗೊತ್ತಾಗಿತ್ತು. ಮೂವತ್ತೇಳು.

ಜವರ ಮೂತಿಯಿಂದ ಹಿಂದಕ್ಕೆ ಅಂಗೈ ಸವರುತ್ತ ನಡೆದ, ಮನೆಗೆ ಮರಳಿದ ಹಸುವಿನ ಮೈ ಸವರುವಂತೆ. ಮಧ್ಯಾಹ್ನದ ಬಿಸಿಲು, ಮಕ್ಕಳು ಊಟಕ್ಕೆ ಹೋಗಿದ್ದರು. ಕೆರೆಯ ಕಡೆಯಿಂದ ಒಂದು ಗಾಳಿ ಬೀಸಿತು. ಬಾಲ ಸಣ್ಣಗೆ ಅಲುಗಿತು.

ಟಕ್‌ಟಕ್. ಟಕ್.

ಜವರನ ಕೈ ಅಲ್ಲೇ ನಿಂತಿತು. ಅವನು ನಮ್ಮ ಕಡೆ ತಿರುಗಿದ. “ಕೇಳುಸ್ತಾ?”

ಪುಟ್ಟಸ್ವಾಮಿ ನನ್ನ ಮುಖ ನೋಡಿದ. ನಾನು ಜೇಬಿನಿಂದ ನೋಟ್‌ಬುಕ್ ತೆಗೆದು ಏನೋ ಬರೆಯುವವನಂತೆ ತಲೆ ಬಗ್ಗಿಸಿದೆ.

“ಏನೂ ಇಲ್ಲ ಕಣೋ. ಗಾಳಿ,” ಎಂದೆ.

ಅವನು ವಾದಿಸಲಿಲ್ಲ. ತಲೆಯಾಡಿಸಿದ. “ಊಂ. ನನ್ ಕಿವೀನೆ,” ಎಂದ — ಮಗು ತಪ್ಪೊಪ್ಪಿಕೊಂಡಂತೆ, ನನ್ನ ಮುಂದೆ.

ಹಿಂತಿರುಗುವಾಗ ಹ್ಯಾಂಡ್‌ಪೋಸ್ಟ್ ವೃತ್ತದಲ್ಲಿ ಜವರ ಬೀಡಿ ತರಲು ಹೋಗಿದ್ದ. ಪುಟ್ಟಸ್ವಾಮಿ ರಸ್ತೆಯನ್ನೇ ನೋಡುತ್ತ ಹೇಳಿದ: “ನಂಗೂ ಕೇಳುಸ್ತು ಕಣೋ ಸೀನ. ನೀನ್ಯಾಕೆ ಇಲ್ಲ ಅಂದೆ?” ನಾನು ಜವರನನ್ನು ಕರೆಯಲು ಅಂಗಡಿಯ ಕಡೆ ನಡೆದೆ. ಮರುದಿನ ಪತ್ರಿಕೆಯಲ್ಲಿ ನನ್ನ ವರದಿ ಬಂತು. ಎಲ್ಲ ವಿವರಗಳೂ ಸರಿಯಿದ್ದವು. ಸದ್ದಿನ ವಿಷಯವೊಂದು ಇರಲಿಲ್ಲ.

ಆಮೇಲೆ ಆ ಸದ್ದು ನನ್ನ ಮನೆಗೆ ಬಂತು. ಗಾಳಿಯಿಲ್ಲದ ಹೊತ್ತಿನಲ್ಲಿ, ಮುಚ್ಚಿದ ಬೀರುವಿನ ಕಡೆಯಿಂದ, ಎಡಗಡೆಯಿಂದ. ಹೆಂಡತಿಯನ್ನು ಕೇಳಿದರೆ ತನಗೇನೂ ಕೇಳಿಸಲಿಲ್ಲ ಎಂದಳು. ಇಲ್ಲದ ಸದ್ದು ಕೇಳುವುದೆಂದರೆ ಏನೆಂದು ಆಗ ಗೊತ್ತಾಯಿತು. ಗಡ್ಡ ಹೆರೆಯುವಾಗ ಕನ್ನಡಿ ನೋಡುವುದನ್ನು ನಾನು ಬೆಟ್ಟದ ಮೇಲಿದ್ದಾಗಲೇ ಬಿಟ್ಟಿದ್ದೆ. ಬೆರಳಿನಿಂದ ಸವರಿ ನೋಡಿಯೇ ಹೆರೆದುಕೊಳ್ಳುತ್ತೇನೆ.

ಒಂದು ಭಾನುವಾರ ಶಾಲೆಯವರ ಅನುಮತಿ ಪಡೆದು ಒಬ್ಬನೇ ಹೋದೆ. ಸ್ಕ್ರೂಡ್ರೈವರ್, ಟಾರ್ಚ್, ಬಗ್ಗಿಸಿದ ತಂತಿ, ಒಂದು ಪುಟ್ಟ ಕನ್ನಡಿ. ಬಣ್ಣ ಕೆರೆದು ಮುಚ್ಚಳ ತೆಗೆದೆ. ಎಡಬದಿಯ ಅದೇ ಸಂದಿ. ಗಾಜು ಮಂಜಾಗಿತ್ತು. ಆದರೂ ಅದರಲ್ಲಿ ಆ ಕಣ್ಣು ಇತ್ತು. ಅದಕ್ಕೂ ವಯಸ್ಸಾಗಿತ್ತು. ಈ ಯಂತ್ರ ಎಷ್ಟು ನೆಲೆ ಸುತ್ತಿತೋ, ಎಷ್ಟು ಜನ ಇದರೊಳಗೆ ಇಣುಕಿ ಕ್ಲೀನ್ ಎಂದು ಸಹಿ ಹಾಕಿದರೋ ನನಗೆ ಗೊತ್ತಿಲ್ಲ. ನನ್ನ ಸಹಿ ಮಾತ್ರ ಗೊತ್ತು.

ತಂತಿಯ ಕೊಕ್ಕೆ ಹಾಕಿ ಎಳೆದೆ. ಬಂತು. ಅಷ್ಟು ಸುಲಭವಾಗಿ.

ಅದನ್ನು ಕರವಸ್ತ್ರದಲ್ಲಿ ಸುತ್ತಿ ಜವರನ ಹಳ್ಳಿಗೆ ಹೋದೆ. ಅವನು ಜಗಲಿಯ ಮೇಲೆ ಕೂತಿದ್ದ. ಮುಂದಿಟ್ಟು, ಬಿಚ್ಚಿ, ಮೇಲೆ ಬರೆದದ್ದನ್ನೆಲ್ಲ ಇದೇ ಕ್ರಮದಲ್ಲಿ ಹೇಳಿದೆ. ಹೇಳಿ ಮುಗಿದ ಮೇಲೆ ಅವನು ಕನ್ನಡಿಯನ್ನು ಕೈಗೆ ತೆಗೆದುಕೊಂಡ, ಗಾಜಿನ ಕಡೆ ನೋಡಲಿಲ್ಲ. ಕಂಬಿ ಹಿಡಿದು ಜಗಲಿಯ ಕಲ್ಲಿಗೆ ಬಡಿದ. ಟಕ್‌ಟಕ್. ತಡೆದು, ಮತ್ತೊಮ್ಮೆ. ಒಳಗೆ ಕೂಗಿದ.

“ರಾಜ, ಬಾರಪ್ಪ ಇಲ್ಲಿ. ಕೇಳಿಸ್ಕೊ.”

ರಾಜಣ್ಣ ಕೋಲೂರಿಕೊಂಡು ಬಾಗಿಲಿಗೆ ಬಂದ. ಜವರ ಮತ್ತೆ ಬಡಿದ. “ಇದೇ ಕಣಪ್ಪ ಆ ಸದ್ದು.” ಆಮೇಲೆ ನನ್ನ ಕಡೆ ತಿರುಗಿದ. “ಎಡಗಡೆನಾ?”

“ಎಡಗಡೆ.”

“ಎಡಗಡೆ ಅಂತ್ಲೇ ಅಂದಿದ್ದೆ ನಾನು.”

ಬೈಯಲಿಲ್ಲ. ನೀರು ಕುಡಿ ಎನ್ನಲಿಲ್ಲ. ಕನ್ನಡಿಯನ್ನು ಪಕ್ಕಕ್ಕಿಟ್ಟುಕೊಂಡು, “ಇನ್ ನೀನು ಹೊರಡು ಸೀನ,” ಎಂದ. ಹೊರಟೆ.

ನಮ್ಮ ಹಳೆಯ ದಳದ ಕಚೇರಿಗೆ ಎಲ್ಲವನ್ನೂ ಬರೆದು, ನನ್ನ ಹೆಸರು, ಸಂಖ್ಯೆ ಸಮೇತ ಸಹಿ ಹಾಕಿ ಕಳಿಸಿದ್ದೇನೆ. ಜವರೇಗೌಡನ ದಾಖಲೆಯಲ್ಲಿ ಬರೆದದ್ದನ್ನು ತಿದ್ದಬೇಕೆಂದು ಕೇಳಿದ್ದೇನೆ. ಉತ್ತರ ಬಂದಿಲ್ಲ. ಬರುವವರೆಗೆ ಪ್ರತಿ ತಿಂಗಳೂ ಬರೆಯುತ್ತೇನೆ. ಕೊಪ್ಪದ ಭಾನುವಾರಗಳಿಗೆ ಈಗ ನಾನು ಹೋಗುವುದಿಲ್ಲ.

ಪುಟ್ಟಸ್ವಾಮಿ ಹೋಗಿ ಜವರನನ್ನು ನೋಡಿ ಬಂದ. ಕನ್ನಡಿ ಅಲ್ಲೇ ಇದೆಯಂತೆ. ನಡುಮನೆಯ ಗೋಡೆಗೆ ಮೊಳೆ ಹೊಡೆದು ನೇತುಹಾಕಿದ್ದಾನಂತೆ, ಹಿಂದೆ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಅದರ ನೆರಳನ್ನು ಬರೆದು. ಸರಿಯಾಗಿ ಕೂತಿದೆಯಂತೆ. ಸುತ್ತ ಎಲ್ಲೂ ಒಂದು ಕೂದಲೆಳೆಯಷ್ಟು ಕೆಂಪೂ ಕಾಣುವುದಿಲ್ಲವಂತೆ.