ಮಾವ ಮಲಗಿಸಿ ನೆಟ್ಟ ಗ್ಲ್ಯಾಡಿಯೋಲಸ್

ನನ್ನ ಮಾವ ಹನ್ನೆರಡು ಗ್ಲ್ಯಾಡಿಯೋಲಸ್ ಹೂವಿನ ಗಡ್ಡೆಗಳನ್ನು ಕಬ್ಬಿನ ಹಾಗೆ ಮಲಗಿಸಿ ನೆಟ್ಟುಬಿಟ್ಟರು!

ಜಮಖಂಡಿಯ ನರ್ಸರಿಯವನು ಎರಡೆರಡು ಸಲ ಹೇಳಿ ಕಳಿಸಿದ್ದ. 'ಮೊಳಕಿ ಮ್ಯಾಲ ಇರಬೇಕ್ರೀ ಅಕ್ಕಾರ, ಬುಡ ಕೆಳಗ.' ನಾನು ಅಡುಗೆ ಮುಗಿಸಿ ಹೊರಬರುವಷ್ಟರಲ್ಲಿ, ಬನಹಟ್ಟಿಯ ನಮ್ಮ ಪುಟ್ಟ ಹಿತ್ತಿಲಲ್ಲಿ ಮಾವ ಸಾಲು ಹೊಡೆದು, ಗಡ್ಡೆಗಳನ್ನು ಅಡ್ಡಡ್ಡ ಇಟ್ಟು, ಮಣ್ಣೆಳೆದು ಕೂತಿದ್ದರು. ಮುಧೋಳದ ಹೊಲದಲ್ಲಿ ಆಯುಷ್ಯವಿಡೀ ಕಬ್ಬು ಹಚ್ಚಿದವರು. ಕಬ್ಬಿನ ತುಂಡನ್ನು ಅಲ್ಲಿ ಯಾರಾದರೂ ನಿಲ್ಲಿಸಿ ನೆಡುತ್ತಾರೆಯೇ?

ಏನನ್ನಲಿ? ಲಕ್ವಾ ಹೊಡೆದ ಮೇಲೆ ಅವರು ಮಣ್ಣು ಮುಟ್ಟಿದ್ದು ಅದೇ ಮೊದಲು. ಅದೂ ಎಡಗೈಯಿಂದ. (ಬಲಗೈ ಇನ್ನೂ ಹೇಳಿದ ಮಾತು ಕೇಳುತ್ತಿಲ್ಲ.)

'ಇವು ಏಳಲಿಲ್ಲಂದ್ರ ಅಪ್ಪ ಮತ್ತ ಹಿತ್ತಲಕ್ಕ ಬರಂಗಿಲ್ಲ ನೋಡ,' ಎಂದು ನಮ್ಮವರು ಪಿಸುಗುಟ್ಟಿದರು. ನನಗೂ ಅದೇ ಭಯ.

ಆದ್ದರಿಂದ ದಿನಾ ಮಾಡುವುದನ್ನೇ ಮಾಡಿದೆ. ಮಾವ ಒಂದೇ ಕೈಯಲ್ಲಿ ಟವೆಲ್ಲು ಮಡಚಿಡುತ್ತಾರೆ. ಅವರು ಅತ್ತ ಹೋದ ಮೇಲೆ ನಾನು ಬಿಚ್ಚಿ ನೀಟಾಗಿ ಮಡಚುತ್ತೇನೆ. ಹಾಗೆಯೇ, ಮಧ್ಯಾಹ್ನ ಅವರು ಮಲಗಿದಾಗ ಮಣ್ಣು ಕೆದಕಿ ಒಂದೊಂದೇ ಗಡ್ಡೆಯನ್ನು ನೆಟ್ಟಗೆ ನಿಲ್ಲಿಸತೊಡಗಿದೆ. ಆರು ಮುಗಿದಿದ್ದವು. ಒಳಗೆ ಕೆಮ್ಮು ಕೇಳಿಸಿತು. ಒಳಗೆ ಓಡಿದೆ. ಉಳಿದ ಆರನ್ನು ದೇವರೇ ನೋಡಿಕೊಳ್ಳಲಿ ಅಂದುಕೊಂಡೆ.

ಮೂರನೇ ವಾರ ನೋಡಿದರೆ ಹನ್ನೆರಡೂ ಎದ್ದಿದ್ದವು!

ನಂಬಲಾಗಲಿಲ್ಲ. ನಾನು ಮುಟ್ಟದೇ ಬಿಟ್ಟಿದ್ದ ಒಂದು ಗಿಡದ ಬುಡವನ್ನು ಬೆರಳಿನಿಂದ ಮೆಲ್ಲಗೆ ಬಿಡಿಸಿದೆ. ಮಣ್ಣೆಳೆಯುವಾಗ ಉರುಳಿ ಗಡ್ಡೆ ಪೂರಾ ಬೋರಲು ಬಿದ್ದಿತ್ತು. ಅದರ ಬಿಳಿ ಮೊಳಕೆ ಕೆಳಗೆ ಹೊರಟು, ಗಡ್ಡೆಯನ್ನು ಬಳಸಿ, ಕುಡುಗೋಲಿನ ಹಾಗೆ ಬಾಗಿ ಮೇಲೆ ಬಂದಿತ್ತು. ಮಣ್ಣೊಳಗಿನ ಆ ಕತ್ತಲಲ್ಲಿ ಬಿಸಿಲು ಎತ್ತ ಅಂತ ಇದಕ್ಕೆ ಯಾರು ಹೇಳಿದರು? ಕರೆಂಟು ಹೋದರೆ ನಮಗೆ ನಮ್ಮದೇ ಮನೆಯ ಬಾಗಿಲು ಸಿಗುವುದಿಲ್ಲ! ಅಲ್ಲೇ ಕೂತುಬಿಟ್ಟೆ. ಒಲೆಯ ಮೇಲೆ ಹಾಲಿಟ್ಟದ್ದೂ ನೆನಪಾಗಲಿಲ್ಲ. (ಉಕ್ಕಿತು, ಬಿಡಿ.)

ಹಿಂದೆ ಕೋಲಿನ ಸದ್ದಾಯಿತು. ಮಾವ ಬಂದು ನಿಂತಿದ್ದರು.

'ಆ ಕಡೀವು ಆರು ನೀ ಹೊಳ್ಳಿಸಿದ್ದು. ಈ ಕಡೀವು ನನ್ನವು. ಹೌದಿಲ್ಲೋ?'

ಮಣ್ಣಿನ ಬೆರಳನ್ನು ಸೆರಗಿಗೆ ಒರೆಸಿಕೊಂಡೆ. 'ನಿಮಗ ಹ್ಯಾಂಗ ಗೊತ್ತಾತ್ರೀ ಮಾಂವಾರ?'

'ನಾ ಎಳದ ಮಣ್ಣ ನನಗ ಗುರ್ತ ಸಿಗಂಗಿಲ್ಲೇನ ಯವ್ವಾ? ನೀ ಒತ್ತಿ ಒತ್ತಿ ಮುಚ್ಚಿದ್ದಿ.' ಸಿಟ್ಟಿರಲಿಲ್ಲ, ನಗುತ್ತಿದ್ದರು. 'ಇನ್ನ ಹನ್ನೆರಡ ತರಸು. ನಾನ ಹಚ್ಚತೇನಿ. ನೀ ಮುಟ್ಟಬ್ಯಾಡ.'

ಆಯಿತೆಂದು ತಲೆಯಾಡಿಸಿದೆ. ಅವರು ಕೋಲೂರುತ್ತ ಒಳಗೆ ಹೋಗಿ, ಒಣಗಿದ ಬಟ್ಟೆಗಳನ್ನು ಮಡಚಲು ಕೂತರು.

ಹಾಗಾದರೆ ಟವೆಲ್ಲುಗಳ ವಿಷಯವೂ ಅವರಿಗೆ ಗೊತ್ತಿರಬೇಕಲ್ಲವೇ?