ಅಜ್ಜಿಯ ಎಲೆಅಡಿಕೆ ಸಂಚಿಯಲ್ಲಿ ಮಾತ್ರೆಗಳು

ನಮ್ಮ ಅಜ್ಜಿ ಮಾತ್ರೆಗಳನ್ನೆಲ್ಲ ಸ್ಟ್ರಿಪ್ಪಿನಿಂದ ಬಿಡಿಸಿ ಎಲೆಅಡಿಕೆಯ ಸಂಚಿಯಲ್ಲಿ ಇಟ್ಟುಕೊಳ್ಳುತ್ತಿದ್ದಳು. ಒಂದು ಅರೆಯಲ್ಲಿ ಅಡಿಕೆ, ಇನ್ನೊಂದರಲ್ಲಿ ಬಿ.ಪಿ. ಮತ್ತು ಸಕ್ಕರೆ ಕಾಯಿಲೆಯ ಮಾತ್ರೆಗಳು. ಎರಡೂ ಬಗೆಯ ಮಾತ್ರೆ ಬಿಳಿ, ಎರಡೂ ದುಂಡಗೆ.

ಅದು ಸೋಮವಾರ, ಅವಳ ಉಪವಾಸದ ದಿನ. ಉಪವಾಸವಿದ್ದಾಗ ಸಕ್ಕರೆ ಮಾತ್ರೆ ಬೇಡವೆಂದು ಡಾಕ್ಟರು ಹೇಳಿದ್ದರು. ನಾನೂ ಅಜ್ಜಿಯೂ ಹೊಸ ಮಾತ್ರೆ ತರಲು ಶಹಾಪುರದ ಔಷಧಿ ಅಂಗಡಿಗೆ ಹೋಗಿದ್ದೆವು. ಬೆಳಗಿನ ಬಿ.ಪಿ. ಮಾತ್ರೆ ಮರೆತದ್ದು ಅಲ್ಲಿ ನೆನಪಾಯಿತು. ಸಂಚಿಯಿಂದ ನಾನೇ ಒಂದನ್ನು ಆರಿಸಿ ಅವಳ ಅಂಗೈಗೆ ಹಾಕಿದೆ.

"ತಡೀರಿ ಆಯಿ, ನುಂಗಬ್ಯಾಡ್ರಿ," ಎಂದಳು ಅಂಗಡಿಯ ಫಾರ್ಮಾಸಿಸ್ಟ್. "ಹೆಸರು ನೋಡಲಾರದ ನಮ್ಮ ಅಂಗಡ್ಯಾಗ ಮಾತ್ರಿ ಬಾಯಿಗೆ ಹೋಗಂಗಿಲ್ಲ."

"ನನ್ನ ಮೊಮ್ಮಗಳು ಬಿ.ಎಸ್ಸಿ. ಕಲ್ತಾಳವ್ವಾ," ಎಂದಳು ಅಜ್ಜಿ.

ಫಾರ್ಮಾಸಿಸ್ಟ್ ಮಾತ್ರೆಯನ್ನು ಬೆಳಕಿಗೆ ಹಿಡಿದು, ಅದರ ಮೇಲಿನ ಅಚ್ಚನ್ನು ಓದಿ, ಹೊಸ ಸ್ಟ್ರಿಪ್ಪಿನ ಮಾತ್ರೆಯೊಂದಿಗೆ ಹೋಲಿಸಿದಳು. "ಇದು ಸಕ್ರಿ ಮಾತ್ರಿ ಐತ್ರಿ. ಖಾಲಿ ಹೊಟ್ಟ್ಯಾಗ ನುಂಗಿದ್ರ ಸಕ್ರಿ ಇಳಿದು ತಲಿ ತಿರುಗಿ ಬೀಳ್ತಿದ್ರಿ."

ನಾನು ಸಂಚಿಯನ್ನೇ ಆಕೆಯ ಮುಂದಿಟ್ಟೆ. ಅಜ್ಜಿ ಮಾತ್ರ ನಕ್ಕುಬಿಟ್ಟಳು. "ಪುಣ್ಯಾಕ ಬಿ.ಪಿ.ಗೆ ಅಂತ ಅಡಕಿ ಕೊಡ್ಲಿಲ್ಲ ಈಕಿ!"

ಬಿಡಿ ಮಾತ್ರೆಗಳನ್ನೆಲ್ಲ ಫಾರ್ಮಾಸಿಸ್ಟ್ ಅಲ್ಲೇ ತೆಗೆದಿಟ್ಟುಕೊಂಡಳು. ಹೊಸ ಸ್ಟ್ರಿಪ್ಪುಗಳನ್ನು ಬಿಡಿಸುವುದಿಲ್ಲವೆಂದು ಅಜ್ಜಿಯಿಂದ ಮಾತು ತೆಗೆದುಕೊಂಡಳು.

ಈಗ ದಿನಾ ಬೆಳಿಗ್ಗೆ ನಾನು ಹೆಸರನ್ನು ಗಟ್ಟಿಯಾಗಿ ಓದಿಯೇ ಮಾತ್ರೆ ಕೊಡುತ್ತೇನೆ. ಅಂದು ಮಾತ್ರೆ ಹಿಡಿದಿದ್ದ ಅಜ್ಜಿಯ ಅಂಗೈ ಕಣ್ಣ ಮುಂದೆ ಬಂದರೆ ಮತ್ತೊಮ್ಮೆ ಓದುತ್ತೇನೆ. ನೀರಿನ ಲೋಟ ಹಿಡಿದು ಕುಳಿತ ಅಜ್ಜಿ ಕೇಳುತ್ತಾಳೆ, "ಮಾತ್ರಿ ಕೊಡ್ತೀಯೋ, ರೇಡಿಯೋದಾಗ ವಾರ್ತಾ ಓದ್ತೀಯೋ?"