ಪೂರ್ವಕ್ಕೆ ಕೆನಡಾ

ದುಬೈನ ಅಲ್ ಕೂಜ್. ಕೆಫೆಟೇರಿಯಾದಲ್ಲಿ ಕೂತು, ಪಾಸ್‌ಪೋರ್ಟಿನ ಮೂರೂ ಜೆರಾಕ್ಸ್ ಚೀಲದಲ್ಲಿವೆಯೇ ಎಂದು ನಾಲ್ಕನೇ ಸಲ ನೋಡುತ್ತಿದ್ದೆ. ಅದನ್ನು ಕಂಡ ಅಡುಗೆಯವನು ಸೆಲ್ವಂ, ನಾನು ಕಾಗದಪತ್ರ ಬಲ್ಲವನೆಂದು ನಂಬಿಬಿಟ್ಟ. “ಅಣ್ಣೇ, ಇದೊಂದು ತುಂಬಿಕೊಡಿ” ಎಂದು ಇಂಗ್ಲಿಷಿನ ಅರ್ಜಿ ತಂದಿಟ್ಟ.

ಅವನು ಜಾಫ್ನಾದವನು. ಯುದ್ಧ ಮುಗಿದ ಮೇಲೆ ಅವನಮ್ಮ ತಮಿಳುನಾಡಿನ ನಿರಾಶ್ರಿತರ ಶಿಬಿರದಿಂದ ಊರಿಗೆ ಮರಳಿದ್ದಾರೆ. ಮನೆ ನೆಲಸಮವಾಗಿದೆ. ಅರ್ಜಿಯಲ್ಲಿ ನಾಲ್ಕೂ ದಿಕ್ಕಿನ ಚಕ್ಕುಬಂದಿ ಬರೆದುಕೊಟ್ಟು, ನೆರೆಯವರೊಬ್ಬರು ಖುದ್ದಾಗಿ ಬಂದು ಗುರುತಿಸಿದರೆ ಮಾತ್ರ ಸರ್ಕಾರದಿಂದ ಜಾಗ ವಾಪಸ್.

ಅಮ್ಮನಿಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದ. ನನ್ನ ಹರುಕು ತಮಿಳಿನಲ್ಲಿ ಕೇಳಿದೆ: “ಪೂರ್ವಕ್ಕೆ ಯಾರಮ್ಮಾ?”

“ಅವರು ಕೆನಡಾದಲ್ಲಿ.”

“ಪಶ್ಚಿಮಕ್ಕೆ?”

“ಪ್ಯಾರಿಸ್.”

“ಉತ್ತರಕ್ಕೆ?”

“ಮಗಳ ಜೊತೆ ನಾರ್ವೆ.”

ಅವರ ಮನೆ ನನ್ನ ಕೈಯಲ್ಲೇ ಹೋಗುತ್ತದೇನೋ ಎಂದು ಏಸಿಯಲ್ಲೂ ಬೆವರಿದೆ. “ದಕ್ಷಿಣಕ್ಕಾದರೂ ಯಾರಾದರೂ ಸಿಗುತ್ತಾರಾ?”

“ಬೇಲಿ ಸರಿಸಿ ನಮ್ಮ ಜಾಗ ಒತ್ತಿದವಳು. ಇನ್ನೂ ಆ ಶಿಬಿರದಲ್ಲೇ ಇದ್ದಾಳೆ. ಕರೆದರೆ ಬರುವವಳಲ್ಲ.” ಆಮೇಲೆ ಮಗನಿಗೆ ಹೇಳಿದರು: “ತಂಬಿ, ಅವಳಿಗೆ ಫೋನ್ ಮಾಡಿ, ಅಮ್ಮ ಹೊಸ ಬೇಲಿ ಹಾಕಿಸುತ್ತಿದ್ದಾಳೆ ಅನ್ನು. ನಾಳೆಯೇ ಗಂಟುಮೂಟೆ ಕಟ್ಟಿ ಹೊರಡುತ್ತಾಳೆ.”